ಗೂಬೆ ಯಾರ ಮೇಲೆ ಕೂರಬೇಕು?

ಮೇಷ್ಟ್ರೇ, ನಮಸ್ಕಾರ.

ಕಳೆದ ತಿಂಗಳ ವಾಯುಮಾಲಿನ್ಯ ಸಂಚಿಕೆಯ ಮುಖಪುಟ ನೋಡಿ ಮೊಮ್ಮಗಳು ಮುನಿಸಿಕೊಂಡಳು ಎಂದು ಬರೆದಿದ್ದೀರಿ. ಹೊಗೆ ಕಾರುವ ಚಿಮಣಿ, ಅದರ ತುದಿಯಲ್ಲೊಂದು ಗೂಬೆ. "ಜಪಾನಿನಲ್ಲಿ ಗೂಬೆ ಲಕ್ಕಿ ತಾತ, ಇವರ್ಯಾಕೆ ಹೀಗೆ ಹಾಕಿದ್ದಾರೆ?" ಅಂದಳಂತೆ. ಅವಳು ಓದುವ ಜಪಾನಿ ಕಾಮಿಕ್ಸ್‌ನಲ್ಲಿ ಜನ ಮಾಸ್ಕ್ ಹಾಕಿಕೊಂಡೇ ಓಡಾಡುತ್ತಾರೆ, ಹುಳಗಳು ಬಸ್ಸಿಗಿಂತ ದೊಡ್ಡವು, ಇದೆಲ್ಲ ಬರೀ ಕಲ್ಪನೆಯಾ ಎಂದು ನೀವೂ ಕೇಳಿದ್ದೀರಿ.

ಹುಡುಗಿ ಹೇಳಿದ್ದು ಸರಿ. ಆ ಚಿತ್ರ ಬಂದ ದಿನ ನಮ್ಮ ಆಫೀಸಿನಲ್ಲಿ ಯಾರಿಗೂ ಏನೂ ಅನ್ನಿಸಲಿಲ್ಲ. ಕೆಟ್ಟದ್ದು ಅಂದರೆ ಗೂಬೆ, ಅಷ್ಟೇ. ಮನೆ ಮೇಲೆ ಗೂಬೆ ಕೂತರೆ ಶಾಂತಿ ಮಾಡಿಸುವವರು ನಾವು. ಜಪಾನಿ ಭಾಷೆಯಲ್ಲಿ ಗೂಬೆಗೆ 'ಫುಕುರೋ' ಅನ್ನುತ್ತಾರೆ. ಅದೇ ಉಚ್ಚಾರಣೆಯನ್ನು ಬೇರೆ ಅಕ್ಷರಗಳಲ್ಲಿ ಬರೆದರೆ 'ಕಷ್ಟ ಇಲ್ಲ' ಎಂದಾಗುತ್ತದೆ. ಅದಕ್ಕೇ ಅಲ್ಲಿ ಕೀಚೈನಿನಲ್ಲೂ ಗೂಬೆ, ತಾಯತದಲ್ಲೂ ಗೂಬೆ. ಟೋಕಿಯೋದ ಇಕೆಬುಕುರೋ ಸ್ಟೇಷನ್ನಿನಲ್ಲಿ ಒಂದು ಕಲ್ಲಿನ ಗೂಬೆ ಇದೆ, 'ಗೂಬೆ ಹತ್ತಿರ ಸಿಗ್ತೀನಿ' ಎಂದು ಜನ ಹೇಳಿಕೊಳ್ಳುವ ಜಾಗ ಅದು. ಉತ್ತರದ ಹೊಕ್ಕೈಡೋ ದ್ವೀಪದ ಮೂಲನಿವಾಸಿಗಳಾದ ಐನು ಜನರಿಗಂತೂ ಮೀನು ಹಿಡಿಯುವ ದೊಡ್ಡ ಗೂಬೆ ಊರು ಕಾಯುವ ದೇವರು. ಅಷ್ಟು ದೂರ ಯಾಕೆ, ನಮ್ಮ ಬಂಗಾಳದಲ್ಲೇ ಲಕ್ಷ್ಮಿಯ ವಾಹನ ಗೂಬೆ.

ಇನ್ನು ಕಾಮಿಕ್ಸ್. ನೀವು ಹೇಳಿದ ಗುರುತು ನೋಡಿದರೆ ಅದು ಹಯಾವೊ ಮಿಯಾಝಾಕಿಯವರ 'ಗಾಳಿ ಕಣಿವೆಯ ನೌಸಿಕಾ' ಇರಬೇಕು. 1982ರಲ್ಲಿ ಶುರುವಾಗಿ, ನಡುನಡುವೆ ನಿಂತು, 1994ರಲ್ಲಿ ಮುಗಿಯಿತು. ಅದರಲ್ಲಿ ವಿಷಗಾಳಿಯ ಒಂದು ಕಾಡಿದೆ. ಮಾಸ್ಕ್ ಇಲ್ಲದೆ ಒಳಗೆ ಹೋದವರು ಉಳಿಯುವುದಿಲ್ಲ. ಕಾಡಿಗೆ ಕಾವಲು 'ಓಮು' ಎಂಬ ಹುಳಗಳು. ಎಲ್ಲರೂ ಕಾಡು ಸುಡಬೇಕು, ಹುಳ ಕೊಲ್ಲಬೇಕು ಅನ್ನುವವರೇ. ನೌಸಿಕಾ ಮಾತ್ರ ಆ ಕಾಡಿನ ಗಿಡಗಳನ್ನು ಶುದ್ಧ ನೀರಲ್ಲಿ, ಶುದ್ಧ ಮಣ್ಣಲ್ಲಿ ಬೆಳೆಸಿ ನೋಡುತ್ತಾಳೆ. ಅವು ವಿಷ ಬಿಡುವುದೇ ಇಲ್ಲ! ವಿಷ ಇದ್ದದ್ದು ಮನುಷ್ಯರು ಕೆಡಿಸಿಟ್ಟ ಮಣ್ಣಿನಲ್ಲಿ.

ಮಾಸ್ಕ್ ಮಾತ್ರ ಕಲ್ಪನೆಯಲ್ಲ ಮೇಷ್ಟ್ರೇ. ಜಪಾನಿನ ಮಿಎ ಪ್ರಾಂತ್ಯದಲ್ಲಿ ಯೊಕ್ಕಾಯಿಚಿ ಎಂಬ ಕಡಲತೀರದ ಊರಿದೆ. 1959ರ ಹೊತ್ತಿಗೆ ಅಲ್ಲಿ ಪೆಟ್ರೋಕೆಮಿಕಲ್ ಕಾರ್ಖಾನೆಗಳ ದೊಡ್ಡ ಗುಂಪೇ ಕೆಲಸ ಶುರುಮಾಡಿತು. ಮೊದಲು ಮೀನು ಎಣ್ಣೆ ವಾಸನೆ ಹೊಡೆಯಿತು, ಕೊಳ್ಳುವವರಿಲ್ಲದಾಯಿತು. ಆಮೇಲೆ ಜನರಿಗೆ ಉಬ್ಬಸ. ಗಂಧಕ ಜಾಸ್ತಿ ಇರುವ ಎಣ್ಣೆ ಉರಿಸಿದ ಹೊಗೆ ನೇರ ಎದೆಗೆ ಇಳಿಯುತ್ತಿತ್ತು. ಶಾಲೆ ಮಕ್ಕಳು ಹಳದಿ ಮಾಸ್ಕ್ ಕಟ್ಟಿಕೊಂಡು ಹೋಗುತ್ತಿದ್ದರು. ಕಂಪನಿಗಳು ಚಿಮಣಿ ಎತ್ತರ ಮಾಡಿದವು. ಹೊಗೆ ಇನ್ನಷ್ಟು ದೂರದ ಊರುಗಳನ್ನೂ ಮುಟ್ಟಿತು.

1967ರಲ್ಲಿ ಇಸೊಜು ಎಂಬ ಮೀನುಗಾರರ ಕೇರಿಯ 9 ರೋಗಿಗಳು 6 ಕಂಪನಿಗಳ ಮೇಲೆ ಕೇಸು ಹಾಕಿದರು. ನಿಮಗೆ ಇಷ್ಟವಾಗುವ ಭಾಗ ಇಲ್ಲಿದೆ. ಆರು ಕಂಪನಿಗಳ ಹೊಗೆ ಆಕಾಶದಲ್ಲಿ ಬೆರೆತ ಮೇಲೆ ಯಾರದ್ದು ಎಷ್ಟು ಅಂತ ಹೇಳುವುದು ಹೇಗೆ? ಒಬ್ಬರು ಇನ್ನೊಬ್ಬರ ಕಡೆ ಬೆರಳು ತೋರಿಸಿ ಪಾರಾಗಬಹುದಿತ್ತು. ಕೋರ್ಟು ಬಿಡಲಿಲ್ಲ. 1972ರ ಜುಲೈ 24ರಂದು ಆರೂ ಕಂಪನಿಗಳು ಒಟ್ಟಿಗೆ ಹೊಣೆ ಎಂದು ತೀರ್ಪು ಕೊಟ್ಟಿತು. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಒಂದೇ ಗೂಬೆ ಆರು ಹೆಗಲ ಮೇಲೆ ಕೂತಿತು! ನೋಡಿ, ಬರೆಯುತ್ತಾ ಮತ್ತೆ ಪಾಪದ ಹಕ್ಕಿಯನ್ನೇ ಎಳೆದುತಂದೆ. ಈ ನುಡಿಗಟ್ಟು ಬಿಡುವುದು ಕಷ್ಟ ಅಲ್ವಾ?

ಹಾಗಾಗಿ 1982ರಲ್ಲಿ ಆ ಕಾಮಿಕ್ಸ್ ತೆರೆದ ಜಪಾನಿನ ದೊಡ್ಡವರಿಗೆ ಮಾಸ್ಕ್ ಹಾಕಿದ ಮಗುವಿನ ಮುಖ ಹೊಸದಾಗಿರಲಿಲ್ಲ.

ಮುಖಪುಟದ ಚಿತ್ರಕಾರರಿಗೆ ನಿಮ್ಮ ಪತ್ರ ತೋರಿಸಿದೆ. ನಕ್ಕರು, ಆಮೇಲೆ ಸುಮ್ನೆ ತಲೆ ಕೆರೆದುಕೊಂಡರು. ಮೊಮ್ಮಗಳು ಪತ್ರದ ಹಿಂದೆ ಬರೆದ ಓಮು ಚಿತ್ರ ಮುಂದಿನ ಸಂಚಿಕೆಯಲ್ಲಿ ಹಾಕುತ್ತೇವೆ. ಒಂದೇ ತಕರಾರು: ಓಮುಗೆ 14 ಕಣ್ಣು, ಅವಳು 12 ಬರೆದಿದ್ದಾಳೆ. ಇನ್ನೆರಡು ಸೇರಿಸಿ ಬೇಗ ಕಳಿಸಲಿ. ಬಣ್ಣ ನೀಲಿಯೇ ಇರಲಿ. ಕೆಂಪಾದರೆ ಅದಕ್ಕೆ ಸಿಟ್ಟು ಬಂದಿದೆ ಎಂದರ್ಥ.