ಮೊದಲ ಮಳೆಗೆ ಮುಂಚೆ ಇಂಜೆಕ್ಷನ್ ಹಾಕಿಸಿ: ಕುರಿ-ಮೇಕೆ ಪ್ರಶ್ನೋತ್ತರ

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಇರುವುದು ಮರಿ ಸತ್ತ ಸುದ್ದಿ. ಓದಿ ಹೊಟ್ಟೆ ಉರಿಯಿತು. ಯಾಕೆಂದರೆ ಇವುಗಳಲ್ಲಿ ಬಹುಪಾಲು ಉಳಿಸಬಹುದಾಗಿದ್ದ ಜೀವಗಳು.

ಪ್ರಶ್ನೆ: ನಮ್ಮದು 60 ಕುರಿಗಳ ಹಿಂಡು. ಮೊದಲ ಮಳೆ ಬಿದ್ದು ಎರಡು ವಾರದೊಳಗೆ ಒಂಬತ್ತು ಮರಿ ಸತ್ತವು. ಸಂಜೆ ಹೊಟ್ಟೆ ತುಂಬ ಮೇಯ್ದು ಬರುತ್ತವೆ, ಬೆಳಿಗ್ಗೆ ದೊಡ್ಡಿಯಲ್ಲಿ ಸತ್ತು ಬಿದ್ದಿರುತ್ತವೆ. ಸತ್ತಿದ್ದೆಲ್ಲ ಒಳ್ಳೊಳ್ಳೆ ಮರಿಗಳೇ. ಹಾವು ಕಚ್ಚಿದೆ ಅಂತ ಒಬ್ಬರು, ಯಾರೋ ವಿಷ ಹಾಕಿದ್ದಾರೆ ಅಂತ ಇನ್ನೊಬ್ಬರು ಹೇಳುತ್ತಾರೆ. (ಶಿರಾ ತಾಲ್ಲೂಕಿನ ಓದುಗರು)

ಉತ್ತರ: ದಯವಿಟ್ಟು ಯಾರ ಮೇಲೂ ಅನುಮಾನ ಪಡಬೇಡಿ. ನೀವು ಬರೆದಿರುವುದು ಕರುಳು ಬೇನೆಯ ಲಕ್ಷಣ. ಆಸ್ಪತ್ರೆಯಲ್ಲಿ ಇದನ್ನೇ ಇಟಿ ಅನ್ನುತ್ತಾರೆ. ಈ ರೋಗದ ಬ್ಯಾಕ್ಟೀರಿಯಾ ಹೊರಗಿನಿಂದ ಬರಬೇಕಾಗಿಲ್ಲ, ಆರೋಗ್ಯವಾಗಿರುವ ಕುರಿಯ ಕರುಳಲ್ಲೂ ಸುಮ್ನೆ ಇರುತ್ತದೆ. ಬೇಸಿಗೆಯೆಲ್ಲ ಒಣಹುಲ್ಲು ತಿಂದ ಹೊಟ್ಟೆಗೆ ಒಮ್ಮೆಲೇ ಎಳೆ ಹುಲ್ಲು ಸಿಕ್ಕಿದಾಗ, ಅಥವಾ ಕಟಾವಾದ ಹೊಲದಲ್ಲಿ ಉದುರಿದ ಕಾಳು ಸಿಕ್ಕಿದಾಗ, ಅದು ಪೂರ್ತಿ ಜೀರ್ಣವಾಗದೆ ಕರುಳಿಗೆ ಇಳಿಯುತ್ತದೆ. ಅಲ್ಲಿ ಈ ಬ್ಯಾಕ್ಟೀರಿಯಾ ಹೇರಳವಾಗಿ ಬೆಳೆದು ವಿಷ ಬಿಡುತ್ತದೆ. ವಿಷ ರಕ್ತಕ್ಕೆ ಸೇರಿ ಮಿದುಳಿಗೆ, ಮೂತ್ರಪಿಂಡಕ್ಕೆ ಹೋಗುತ್ತದೆ. ಮರಿ ಕತ್ತು ಹಿಂದಕ್ಕೆ ಎಳೆದು, ಕಾಲು ಬಡಿದು, ಕೆಲವೇ ಗಂಟೆಯಲ್ಲಿ ಸಾಯುತ್ತದೆ. ಚೆನ್ನಾಗಿ ತಿನ್ನುವ ಮರಿಯೇ ಮೊದಲು ಹೋಗುವುದು ಇದೇ ಕಾರಣಕ್ಕೆ.

ಹಿಂದೊಮ್ಮೆ ಹಿರಿಯೂರು ಕಡೆಯ ಹಟ್ಟಿಯೊಂದರಲ್ಲಿ ಹೀಗೇ ಸತ್ತ ಮರಿಯನ್ನು ಕೊಯ್ದು ನೋಡುವಾಗ ನಾನೂ ಪಕ್ಕದಲ್ಲಿದ್ದೆ. ಹೊಟ್ಟೆ ತುಂಬ ಹಸಿರು ಹುಲ್ಲು, ಇನ್ನೂ ವಾಸನೆ ಕೂಡ ಹೋಗಿರಲಿಲ್ಲ. ಮೂತ್ರಪಿಂಡವನ್ನು ಡಾಕ್ಟರು ಹೆಬ್ಬೆರಳಿಂದ ಮೆಲ್ಲಗೆ ಒತ್ತಿದರು, ಅದು ಕಳಿತ ಹಣ್ಣಿನ ಹಾಗೆ ಕಲಸಿಹೋಯಿತು. ಮರಿಯ ಯಜಮಾನರು ಅದನ್ನೇ ನೋಡುತ್ತಾ ನಿಂತುಬಿಟ್ಟರು. ಬಕ್ರೀದಿಗೆ ಅಂತ ಬೆಳೆಸಿದ ಟಗರುಮರಿ ಅದು.

ಇದು ಬಂದ ಮೇಲೆ ಔಷಧಿ ಕೊಡಲು ಸಮಯವೇ ಸಿಗುವುದಿಲ್ಲ. ಹಾಗಾಗಿ ಮುಂಗಾರು ಶುರುವಾಗುವ ಮೊದಲೇ, ಮೇ ತಿಂಗಳ ಹೊತ್ತಿಗೆ ಇಟಿ ಲಸಿಕೆ ಮುಗಿದಿರಬೇಕು. ಇದೇ ಮೊದಲ ಸಲ ಹಾಕಿಸುತ್ತಿದ್ದರೆ ಎರಡು ಡೋಸ್ ಬೇಕು, ಮಧ್ಯೆ ಎರಡರಿಂದ ಮೂರು ವಾರದ ಅಂತರ. ತುಂಬಾ ಜನ ಎರಡನೆಯದನ್ನು ಮರೆಯುತ್ತಾರೆ, ಆಮೇಲೆ ಲಸಿಕೆಯೇ ಸರಿಯಿಲ್ಲ ಅಂತಾರೆ. ನಂತರ ವರ್ಷಕ್ಕೊಮ್ಮೆ ಸಾಕು. ಮೇಕೆಯಲ್ಲಿ ಈ ಲಸಿಕೆಯ ಶಕ್ತಿ ಬೇಗ ಇಳಿಯುವುದರಿಂದ ಆರು ತಿಂಗಳಿಗೊಮ್ಮೆ ಹಾಕಿಸುವುದು ಒಳ್ಳೆಯದು. ಗಬ್ಬದ ಕುರಿಗೆ ಈಯುವ ನಾಲ್ಕರಿಂದ ಆರು ವಾರ ಮೊದಲು ಹಾಕಿಸಿದರೆ ಗಿಣ್ಣು ಹಾಲಿನ ಮೂಲಕ ಮರಿಗೂ ರಕ್ಷಣೆ ಸಿಗುತ್ತದೆ. ಲಸಿಕೆಯ ಬಾಟಲಿಯನ್ನು ಐಸ್ ಡಬ್ಬಿಯಲ್ಲಿ ತನ್ನಿ, ಆದರೆ ಹೆಪ್ಪುಗಟ್ಟಲು ಬಿಡಬೇಡಿ. ಫ್ರೀಜರಿನಲ್ಲಿಟ್ಟ ಇಟಿ ಲಸಿಕೆ ಹಾಕಿಯೂ ಪ್ರಯೋಜನವಿಲ್ಲ.

ಉಳಿದ ಮರಿಗಳಿಗೆ ಸದ್ಯ ಏನು ಮಾಡಬೇಕು ಅಂದರೆ, ಬೆಳಿಗ್ಗೆ ಮೇಯಲು ಬಿಡುವ ಮೊದಲು ಶೇಂಗಾ ಹೊಟ್ಟೋ ಒಣ ಮೇವೋ ಹಾಕಿ ಅರ್ಧ ಹೊಟ್ಟೆ ತುಂಬಿಸಿ. ಹಸಿರಿನಲ್ಲಿ ಮೊದಲ ವಾರ ಒಂದೆರಡು ಗಂಟೆ ಮಾತ್ರ ಬಿಡಿ. ಇನ್ನೊಂದು ಮರಿ ಸತ್ತರೆ ಹೂಳುವ ಮೊದಲು ಪಶುವೈದ್ಯರಿಗೆ ತೋರಿಸಿ. ರೋಗ ಇದೇ ಅಂತ ಖಾತ್ರಿಯಾಗುತ್ತದೆ, ಜೊತೆಗೆ ಸರ್ಕಾರದ ಅನುಗ್ರಹ ಯೋಜನೆಯ ಪರಿಹಾರಕ್ಕೂ ಮರಣೋತ್ತರ ಪರೀಕ್ಷೆ ಬೇಕು. 2025-26ರ ಬಜೆಟ್‌ನಲ್ಲಿ ಈ ಮೊತ್ತವನ್ನು ದೊಡ್ಡ ಕುರಿ-ಮೇಕೆಗೆ 5,000ದಿಂದ 7,500 ರೂಪಾಯಿಗೆ, 3ರಿಂದ 6 ತಿಂಗಳ ಮರಿಗೆ 3,500ರಿಂದ 5,000ಕ್ಕೆ ಏರಿಸಿದ್ದಾರೆ. ತುರ್ತಿಗೆ 1962ಕ್ಕೆ ಫೋನ್ ಮಾಡಿ.

ಪ್ರಶ್ನೆ: ಮೂರು ತಿಂಗಳಿಗೊಮ್ಮೆ ತಪ್ಪದೆ ಜಂತಿನ ಔಷಧಿ ಕುಡಿಸುತ್ತೇವೆ. ಆದರೂ ಕುರಿಗಳು ಬಡಕಲು, ಕೆಲವಕ್ಕೆ ಗದ್ದದ ಕೆಳಗೆ ನೀರು ತುಂಬಿದ ಹಾಗೆ ಬಾವು. (ಕೊಪ್ಪಳದಿಂದ)

ಉತ್ತರ: ಗದ್ದದ ಕೆಳಗಿನ ಬಾವು ಬಹುಮಟ್ಟಿಗೆ ರಕ್ತ ಹೀರುವ ಜಂತುಹುಳುವಿನ ಗುರುತು. ಒಂದು ಹುಳು ದಿನಕ್ಕೆ ಹೀರುವುದು ಒಂದು ಹನಿ ಅಷ್ಟೇ. ಆದರೆ ಒಂದು ಕುರಿಯ ಹೊಟ್ಟೆಯಲ್ಲಿ ಸಾವಿರ ಹುಳು ಇದ್ದರೆ ದಿನಕ್ಕೆ 50 ಮಿಲಿಯಷ್ಟು ರಕ್ತ ಹೋಗುತ್ತದೆ. ಹೆಣ್ಣು ಹುಳು ದಿನಕ್ಕೆ ಸಾವಿರಾರು ಮೊಟ್ಟೆ ಇಡುತ್ತದೆ, ಅವು ಹಿಕ್ಕೆಯ ಜೊತೆ ಹುಲ್ಲಿಗೆ ಬೀಳುತ್ತವೆ. ಬೆಚ್ಚಗಿನ ತೇವದಲ್ಲಿ ಒಂದು ವಾರ ಸಾಕು, ಮರಿಹುಳು ತಯಾರು.

ಔಷಧಿ ಯಾಕೆ ಹಿಡಿಯುತ್ತಿಲ್ಲ? ನೀವು ಕುಡಿಸುವುದು ಅಂದಾಜಿನಲ್ಲಿ ಅಲ್ವಾ? 35 ಕಿಲೋ ಕುರಿಯನ್ನು 25 ಕಿಲೋ ಅಂದುಕೊಂಡು ಔಷಧಿ ಹಾಕಿದರೆ ಗಟ್ಟಿ ಹುಳು ಉಳಿದುಕೊಂಡು ಅದರದ್ದೇ ಸಂತಾನ ಬೆಳೆಯುತ್ತದೆ. ಒಂದೆರಡು ವರ್ಷದಲ್ಲಿ ಆ ಔಷಧಿ ನೀರಿಗೆ ಸಮ. ಒಂದು ತೂಗುವ ಸ್ಕೇಲ್ ಕೊಳ್ಳಿ, ನಾಲ್ಕು ಜನ ಸೇರಿ ಕೊಂಡರೂ ಸರಿ. ಮೇಕೆಗೆ ಹಲವು ಔಷಧಿಗಳ ಪ್ರಮಾಣ ಕುರಿಗಿಂತ ಜಾಸ್ತಿ ಬೇಕಾಗುತ್ತದೆ, ಡಾಕ್ಟರನ್ನು ಕೇಳಿಯೇ ಹಾಕಿ.

ಇನ್ನೊಂದು ವಿಷಯ. ಎಲ್ಲ ಕುರಿಗೂ ಕುಡಿಸಬೇಕಾಗಿಲ್ಲ. ಹಗಲು ಬೆಳಕಿನಲ್ಲಿ ಕುರಿಯ ಕೆಳರೆಪ್ಪೆಯನ್ನು ಹೆಬ್ಬೆರಳಿಂದ ಕೆಳಕ್ಕೆ ಎಳೆದು ಒಳಗಿನ ಬಣ್ಣ ನೋಡಿ. ದಾಳಿಂಬೆ ಕಾಳಿನಂತೆ ಕೆಂಪಗಿದ್ದರೆ ಬಿಟ್ಟುಬಿಡಿ. ತಿಳಿ ಗುಲಾಬಿಗೆ ತಿರುಗಿದ್ದರೆ, ಸುಣ್ಣದ ಹಾಗೆ ಬಿಳಿಚಿಕೊಂಡಿದ್ದರೆ ಅದಕ್ಕೆ ಕುಡಿಸಿ. ದಕ್ಷಿಣ ಆಫ್ರಿಕಾದಲ್ಲಿ ಇದಕ್ಕೆ ಐದು ಬಣ್ಣದ ಕಾರ್ಡನ್ನೇ ಮಾಡಿದ್ದಾರೆ. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ನೋಡಿ, ಇಬ್ಬರಿದ್ದರೆ ನೂರು ಕುರಿ ಒಂದು ಬೆಳಿಗ್ಗೆಯ ಕೆಲಸ. ಇಬ್ಬನಿ ಆರಿದ ಮೇಲೆ ಮೇಯಲು ಬಿಡಿ, ಒದ್ದೆ ಹುಲ್ಲಿನ ಮೇಲೆ ಮರಿಹುಳು ಹತ್ತಿಕೊಂಡು ಕೂತಿರುತ್ತವೆ.

ಪ್ರಶ್ನೆ: ಹಸುಗಳಿಗೆ ತಂದ ಖನಿಜ ಮಿಶ್ರಣವನ್ನೇ ಕುರಿಗೂ ಹಾಕಬಹುದಾ? (ಕೋಲಾರದಿಂದ)

ಉತ್ತರ: ಬೇಡ. ಅದರಲ್ಲಿ ತಾಮ್ರದ ಅಂಶ ಹಸುವಿಗೆ ತಕ್ಕಷ್ಟಿರುತ್ತದೆ, ಕುರಿಗೆ ಅದು ಜಾಸ್ತಿ. ಕುರಿಯ ಪಿತ್ತಜನಕಾಂಗದಲ್ಲಿ ತಾಮ್ರ ತಿಂಗಳುಗಟ್ಟಲೆ ಸೇರುತ್ತಾ ಹೋಗಿ, ಒಂದು ದಿನ ಇದ್ದಕ್ಕಿದ್ದ ಹಾಗೆ ಕಣ್ಣು ಹಳದಿಯಾಗಿ, ಉಚ್ಚೆ ಕೆಂಪಾಗಿ ಸಾಯುತ್ತದೆ. ಕುರಿಗೆಂದೇ ಮಾಡಿದ ಮಿಶ್ರಣ ತನ್ನಿ.

ಪ್ರಶ್ನೆ: ಬೆಂಗಳೂರಿನ ಕೆಲಸ ಬಿಟ್ಟು ಊರಿನಲ್ಲಿ 50 ಮೇಕೆಗಳ ಶೆಡ್ ಮಾಡಬೇಕೆಂದಿದ್ದೇನೆ. ಶೆಡ್ ಹೇಗಿರಬೇಕು? (ಓದುಗರು, ಚನ್ನರಾಯಪಟ್ಟಣ)

ಉತ್ತರ: ಶೆಡ್ ಆಮೇಲೆ, ಮೊದಲು ಮೇವು. ಕಟ್ಟಿ ಮೇಯಿಸುವ ದೊಡ್ಡ ಮೇಕೆಗೆ ದಿನಕ್ಕೆ ನಾಲ್ಕೈದು ಕಿಲೋ ಹಸಿರು ಬೇಕು. ಐವತ್ತಕ್ಕೆ 200ರಿಂದ 250 ಕಿಲೋ, ಪ್ರತಿದಿನ, ಏಪ್ರಿಲ್ ತಿಂಗಳಲ್ಲೂ. ಅಷ್ಟು ಅಗಸೆ, ನುಗ್ಗೆ, ಕುದುರೆ ಮೆಂತೆ ನಿಮ್ಮ ಜಮೀನಿನಲ್ಲಿ ನಿಂತ ಮೇಲೆ ಮೇಕೆ ತನ್ನಿ. ಹತ್ತರಿಂದ ಶುರು ಮಾಡಿ. ಸಂತೆಯಲ್ಲಿ ನಾಲ್ಕಾರು ಊರಿನ ಮೇಕೆ ಸೇರಿರುತ್ತವೆ, ಕುರಿಗಾರರು ಹಿರೇಬೇನೆ ಅನ್ನುವ ಪಿಪಿಆರ್ ಎಂಬ ಅಂಟುರೋಗ ಅಲ್ಲಿಂದಲೇ ಮನೆಗೆ ಬರುವುದು. ಊರೊಳಗೆ ಗೊತ್ತಿರುವವರ ಹತ್ತಿರ ಕೊಳ್ಳಿ. ತಂದ ಮೇಕೆಗಳನ್ನು ಮೂರು ವಾರ ಬೇರೆ ಕಡೆ ಕಟ್ಟಿ, ಅವಕ್ಕೆ ನೀರಿನ ಬಕೆಟ್ಟೂ ಬೇರೆ ಇಡಿ. ಪಿಪಿಆರ್ ಲಸಿಕೆ ಒಮ್ಮೆ ಹಾಕಿಸಿದರೆ ಮೂರು ವರ್ಷ ಕಾಯುತ್ತದೆ. ಶೆಡ್ಡಿನ ವಿಷಯಕ್ಕೆ ಬಂದರೆ, ದೊಡ್ಡ ಮೇಕೆ ಒಂದಕ್ಕೆ 10 ಚದರಡಿ ಲೆಕ್ಕ, ನೆಲ ಒಣಗಿರಬೇಕು, ಗಾಳಿ ಆಡಬೇಕು. ನೆಲದಿಂದ ಎತ್ತರಿಸಿ ಕಟ್ಟುವ ದುಬಾರಿ ಅಟ್ಟದ ನೆಲ ಮೊದಲ ವರ್ಷವೇ ಬೇಕಿಲ್ಲ.

ಪ್ರಶ್ನೆ: ನಮ್ಮ ಕುರಿ ಅವಳಿ ಈದಿದೆ. ಒಂದಕ್ಕೆ ಹಾಲು ಕೊಡುತ್ತದೆ, ಇನ್ನೊಂದನ್ನು ಹಾಯುತ್ತದೆ. (ಗೃಹಿಣಿ, ಬಾಗಲಕೋಟೆ ಜಿಲ್ಲೆ)

ಉತ್ತರ: ಅಕ್ಕ, ತಾಯಿಯನ್ನು ಮೂಲೆಯಲ್ಲಿ ಕಟ್ಟಿ, ತಲೆ ಹಿಡಿದುಕೊಂಡು ಆ ಮರಿಗೆ ಮೊದಲ ಗಂಟೆಯೊಳಗೇ ಗಿಣ್ಣು ಕುಡಿಸಬೇಕು. ಆ ಹೊತ್ತು ಮೀರಿದ್ದರೂ ಬಿಡಬೇಡಿ, ಮೊದಲ ದಿನದೊಳಗೆ ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು. ತಾಯಿಯ ಮೈಯ ಮಾಸಿನ ನೀರನ್ನೋ, ಅದು ಒಪ್ಪಿದ ಮರಿಯ ಮೈ ಒರೆಸಿದ ಬಟ್ಟೆಯನ್ನೋ ಈ ಮರಿಯ ಬೆನ್ನಿಗೆ, ಬಾಲದ ಬುಡಕ್ಕೆ ಸವರಿ. ಕುರಿ ಮರಿಯನ್ನು ಗುರುತಿಸುವುದು ವಾಸನೆಯಿಂದಲೇ. ಮೂರ‍್ನಾಲ್ಕು ದಿನ ಮೂವರನ್ನೂ ಒಂದೇ ಚಿಕ್ಕ ಜಾಗದಲ್ಲಿ ಇಡಿ. ಹೊಕ್ಕುಳಿಗೆ ಟಿಂಚರ್ ಅಯೋಡಿನ್ ಹಚ್ಚಿದ್ದೀರಾ? ಇಲ್ಲದಿದ್ದರೆ ಈ ಪತ್ರಿಕೆ ಕೆಳಗಿಟ್ಟು ಈಗಲೇ ಹಚ್ಚಿ ಬನ್ನಿ.