‘ಆಮೇಲೆ’ ತೆಗೆದು ‘ಅದಕ್ಕೇ’ ಹಾಕಿ ನೋಡಿ

ಓದುಗರ ಪತ್ರ: ನಾಲ್ಕು ಕಥೆ ಶುರು ಮಾಡಿದ್ದೇನೆ, ಒಂದೂ ಮುಗಿದಿಲ್ಲ. ಮೂರನೇ ಪುಟಕ್ಕೆ ಬರುವಷ್ಟರಲ್ಲಿ ಮುಂದೇನು ಅಂತ ತೋಚದೆ ಕೈ ನಿಂತುಬಿಡುತ್ತದೆ. ಈ ಸಲ ಮೊದಲೇ ಪ್ಲಾನ್ ಮಾಡಿದ್ದೇನೆ, ಜೊತೆಗಿಟ್ಟಿದ್ದೇನೆ. ಪ್ಲಾನ್ ಮಾಡಿದರೆ ಕಥೆಯ ಜೀವ ಹೋಗುತ್ತದೆ ಅಂತ ಗೆಳೆಯರು ಹೇಳುತ್ತಾರೆ. ನೀವೇನಂತೀರಿ?

ಸಂಪಾದಕರ ಉತ್ತರ:

ನಮಸ್ಕಾರ. ನಿಮ್ಮ ಪತ್ರ ಓದಿದೆ, ಅದಕ್ಕಿಂತ ಜಾಸ್ತಿ ಹೊತ್ತು ನಿಮ್ಮ ಪ್ಲಾನ್ ಓದಿದೆ. ಮೂರನೇ ಪುಟದಲ್ಲಿ ಸಿಕ್ಕಿಕೊಳ್ಳುವುದು ನಿಮಗೊಬ್ಬರಿಗೇ ಆಗುವುದಲ್ಲ. ನಮಗೆ ಬರುವ ಎಷ್ಟೋ ಕಥೆಗಳು ಮುಗಿದಂತೆ ಕಂಡರೂ ನಿಜಕ್ಕೂ ಅಲ್ಲೇ ನಿಂತಿರುತ್ತವೆ, ಅಲ್ಲಿಂದಾಚೆ ಘಟನೆ ಮೇಲೆ ಘಟನೆ ಬಂದು ಸುಮ್ನೆ ಪುಟ ತುಂಬಿರುತ್ತದೆ ಅಷ್ಟೆ.

ಗೆಳೆಯರ ಮಾತನ್ನು ನಾನು ಒಪ್ಪುವುದಿಲ್ಲ. ಆದರೆ ಏನನ್ನು ಪ್ಲಾನ್ ಮಾಡುತ್ತೀರಿ ಅನ್ನುವುದು ಮುಖ್ಯ. ನೀವು ಬರೆದಿರುವುದು ಹೀಗಿದೆ: ಹನ್ನೆರಡು ವರ್ಷದ ಮೇಲೆ ಅಣ್ಣ ಮನೆಗೆ ಬರುತ್ತಾನೆ. ತಂಗಿ ಬಾಗಿಲು ತೆಗೆಯುತ್ತಾಳೆ. ಮನೆ ಮಾರುವ ಮಾತಾಗುತ್ತದೆ. ಅಟ್ಟದ ಮೇಲೆ ಪೆಟ್ಟಿಗೆ ಸಿಗುತ್ತದೆ. ಅದರಲ್ಲಿ ತೀರಿಹೋದ ಅಪ್ಪ ಬರೆದ ಪತ್ರ ಇರುತ್ತದೆ. ಜೋರು ಮಳೆ. ಅಣ್ಣ ಹೊರಟುಹೋಗುತ್ತಾನೆ.

ಇದನ್ನೊಮ್ಮೆ ಬಾಯಿ ಬಿಟ್ಟು ಓದಿ. ಎರಡೆರಡು ವಾಕ್ಯದ ನಡುವೆ ಯಾವ ಪದ ಕೂರುತ್ತದೆ ನೋಡಿ. ‘ಆಮೇಲೆ’. ಎಲ್ಲ ಕಡೆ ಅದೊಂದೇ, ಅಲ್ವಾ? ‘ಅದಕ್ಕೇ’ ಅಥವಾ ‘ಆದರೆ’ ಒಂದು ಕಡೆಯೂ ಕೂರುವುದಿಲ್ಲ. ನಿಮ್ಮ ಕೈ ನಿಲ್ಲುವುದು ಇದರಿಂದಲೇ. ಇಂಗ್ಲಿಷ್ ಕಾದಂಬರಿಕಾರ ಇ. ಎಂ. ಫಾರ್ಸ್ಟರ್ 1927ರಲ್ಲಿ ಕಾದಂಬರಿಯ ಬಗ್ಗೆ ಕೊಟ್ಟ ಉಪನ್ಯಾಸಗಳಲ್ಲಿ ಎತ್ತಿದ್ದೂ ಈ ಮಾತನ್ನೇ: ಒಂದಾದ ಮೇಲೊಂದು ನಡೆಯುವುದು ಬೇರೆ, ಒಂದರಿಂದ ಇನ್ನೊಂದು ನಡೆಯುವುದು ಬೇರೆ.

‘ಅದಕ್ಕೇ’ ಎಲ್ಲಿಂದ ಬರುತ್ತದೆ? ಪಾತ್ರಕ್ಕೆ ಏನೋ ಬೇಕಾಗಿರುವುದರಿಂದ. ನಿಮ್ಮ ಅಣ್ಣನಿಗೆ ಬೇಕಾದ್ದು ಗೊತ್ತಿದೆ, ಮನೆ ಮಾರಲು ತಂಗಿಯ ಸಹಿ. ತಂಗಿಗೆ? ನಿಮ್ಮ ಪ್ಲಾನ್‌ನಲ್ಲಿ ಅವಳು ಬಾಗಿಲು ತೆಗೆಯುತ್ತಾಳೆ, ಅಷ್ಟೇ. ‘ಪ್ರೀತಿ ಬೇಕು’, ‘ನ್ಯಾಯ ಬೇಕು’ ಅಂತ ದೊಡ್ಡದಾಗಿ ಬರೆದುಕೊಳ್ಳಬೇಡಿ, ಅದರಿಂದ ದೃಶ್ಯ ಹುಟ್ಟುವುದಿಲ್ಲ. ಕೈಗೆ ಸಿಗುವಷ್ಟು ಚಿಕ್ಕದು ಹುಡುಕಿ. ಅಣ್ಣ ಒಂದು ರಾತ್ರಿ ಈ ಮನೆಯಲ್ಲಿ ಉಳಿಯಬೇಕು, ಅವಳಿಗೆ ಬೇಕಾದ್ದು ಇಷ್ಟೇ ಅಂತಿಟ್ಟುಕೊಳ್ಳಿ. ಅವನಿಗೆ ಸಂಜೆಯೊಳಗೆ ಹೊರಡಬೇಕು. ಅದಕ್ಕೇ ಅವಳು ಸಹಿ ಹಾಕದೆ ಹೊತ್ತು ಕಳೆಯುತ್ತಾಳೆ, ಅಪ್ಪನ ಸಾಮಾನು ವಿಂಗಡಿಸಿ ಹೋಗು ಅನ್ನುತ್ತಾಳೆ. ಅವಳು ತೋರಿಸಿದ್ದು ಕೆಳಗಿನ ಬೀರು. ಆದರೆ ಅವನು ಅಟ್ಟ ಹತ್ತುತ್ತಾನೆ.

ಈಗ ಪೆಟ್ಟಿಗೆ ‘ಸಿಗುವುದಿಲ್ಲ’, ಅವಳೇ ಹೂಡಿದ ಉಪಾಯ ಅವನನ್ನು ಅಲ್ಲಿಗೆ ಕಳಿಸುತ್ತದೆ. ಒಳಗಿನ ಲಕೋಟೆಯನ್ನು ಹತ್ತಿರದಿಂದ ನೋಡಿ. ಅಣ್ಣನ ವಿಳಾಸವಿದೆ. ಸ್ಟ್ಯಾಂಪ್ ಅಂಟಿಸಿದೆ, ಒಂದು ಮೂಲೆ ಎದ್ದಿದೆ. ಅಂಚೆಯ ಮುದ್ರೆ ಮಾತ್ರ ಬಿದ್ದಿಲ್ಲ. ಹಾಗಾದರೆ ಅಂಚೆಗೆ ಹಾಕು ಅಂತ ಅಪ್ಪ ಯಾರ ಕೈಗೆ ಕೊಟ್ಟಿದ್ದರು? ಆ ಮನೆಯಲ್ಲಿ ಆಗ ಇದ್ದವಳು ತಂಗಿ ಒಬ್ಬಳೇ. ಇಷ್ಟು ಹೇಳಿ ನಿಲ್ಲಿಸುತ್ತೇನೆ. ಇದು ನಿಮ್ಮ ಕಥೆ. ನಿಮಗೆ ಇದಕ್ಕಿಂತ ಒಳ್ಳೆಯದು ಹೊಳೆದರೆ ನನ್ನದನ್ನು ಬಿಟ್ಟುಬಿಡಿ.

ಮಳೆಯ ಬಗ್ಗೆ ಒಂದು ಮಾತು. ಮಳೆಗೆ ಅಣ್ಣನ ಬಸ್ ತಪ್ಪಿ ಅವನು ಉಳಿದುಕೊಂಡರೆ ತಂಗಿಗೆ ಬೇಕಾದ್ದು ಪುಕ್ಕಟೆ ಸಿಕ್ಕಂತಾಯಿತು. ಆಕಸ್ಮಿಕ ಪಾತ್ರವನ್ನು ಕಷ್ಟಕ್ಕೆ ತಳ್ಳಿದರೆ ಓದುವವರು ನಂಬುತ್ತಾರೆ, ಕಷ್ಟದಿಂದ ಪಾರು ಮಾಡಿದರೆ ನಂಬುವುದಿಲ್ಲ.

ಇನ್ನು, ಯಾರ ಕಣ್ಣಿಂದ ಹೇಳುತ್ತೀರಿ? ಪ್ಲಾನ್‌ನಲ್ಲಿ ಇದರ ಸುಳಿವೇ ಇಲ್ಲ, ನನಗೋ ಇದೇ ಎಲ್ಲಕ್ಕಿಂತ ದೊಡ್ಡ ತೀರ್ಮಾನ ಅನಿಸುತ್ತದೆ. ಅಣ್ಣನ ಕಣ್ಣಿಂದಾದರೆ ಲಕೋಟೆ ಒಂದು ಪತ್ತೆ, ಓದುಗರಿಗೂ ಅವನಿಗೂ ಒಟ್ಟಿಗೇ ಗೊತ್ತಾಗುತ್ತದೆ. ತಂಗಿಯ ಕಣ್ಣಿಂದಾದರೆ ಅವಳಿಗೆ ಅದು ಮೊದಲೇ ಗೊತ್ತು, ಅವನು ಏಣಿಯ ಒಂದೊಂದು ಮೆಟ್ಟಿಲು ಹತ್ತುವಾಗಲೂ ಕೆಳಗೆ ನಿಂತು ಏಣಿ ಹಿಡಿದವಳ ಎದೆ ಹೊಡೆದುಕೊಳ್ಳುತ್ತದೆ. ಘಟನೆ ಅದೇ, ಕಥೆ ಎರಡು. ಎರಡೂ ಬಗೆಯಲ್ಲಿ ಅರ್ಧರ್ಧ ಪುಟ ಬರೆದು ನೋಡಿ, ಯಾವುದರಲ್ಲಿ ಕೈ ತಾನಾಗಿ ಓಡುತ್ತದೋ ಅದನ್ನು ಹಿಡಿಯಿರಿ.

ಕೊನೆ ಮೊದಲೇ ಗೊತ್ತಿರಬೇಕಾ ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಕೊನೆ ಸ್ಪಷ್ಟವಾಗದೆ ಪೆನ್ನು ಹಿಡಿಯಲೇಬಾರದು ಅಂತ ಅಮೆರಿಕದ ಕಥೆಗಾರ ಎಡ್ಗರ್ ಅಲನ್ ಪೋ 1846ರ ಒಂದು ಪ್ರಬಂಧದಲ್ಲಿ ವಾದಿಸಿದ್ದ. ನಾನು ಅಷ್ಟು ದೂರ ಹೋಗುವುದಿಲ್ಲ. ಕೊನೆಯ ಸಾಲು ಗೊತ್ತಿರಬೇಕಿಲ್ಲ. ಕೊನೆಗೆ ಇಬ್ಬರಲ್ಲಿ ಯಾರಿಗೆ ಬೇಕಾದ್ದು ಸಿಕ್ಕಿತು, ಅದಕ್ಕಾಗಿ ಏನು ಬಿಟ್ಟುಕೊಟ್ಟರು, ಇಷ್ಟು ಗೊತ್ತಿದ್ದರೆ ಸಾಕು. ಬರೆಯುತ್ತ ಅದೂ ಬದಲಾಗಬಹುದು. ಆಗ ಪ್ಲಾನ್ ತಿದ್ದಿ, ಪಾತ್ರವನ್ನು ಎಳೆದು ತಂದು ಹಳೇ ಪ್ಲಾನ್‌ಗೆ ಕಟ್ಟಿಹಾಕಬೇಡಿ. ಸಣ್ಣ ಕಥೆಗೆ ಒಂದು ಹಾಳೆಯ ಪ್ಲಾನ್ ಧಾರಾಳವಾಯಿತು. ತಂಗಿ ಹುಟ್ಟಿದ ದಿನ, ಇಷ್ಟದ ಬಣ್ಣ ಇವೆಲ್ಲ ಆ ಹಾಳೆಯಲ್ಲಿ ಬೇಡ.

ತಿದ್ದಿದ ಪ್ಲಾನ್ ನನಗೆ ಕಳಿಸಬೇಡಿ, ಕಥೆಯನ್ನೇ ಕಳಿಸಿ. ಆ ಲಕೋಟೆಯನ್ನು ಕೊನೆಗೆ ಯಾರು ಒಡೆದರು ಅಂತ ತಿಳಿಯುವ ಆಸೆ ನನಗಿದೆ.