ಬೆಳಿಗ್ಗೆ ಟಿಕ್ ಟಿಕ್, ಲೋಡ್ ಹಾಕಿದರೆ ಡಬ್ ಡಬ್: ಪಿಕಪ್‌ನ ಸೈಲೆನ್ಸರ್ ಬದಲಿಸಬೇಕೆ?

ನೀವು ಕೇಳಿರುವುದು ಇಷ್ಟು: ಡೀಸೆಲ್ ಪಿಕಪ್. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಬಾನೆಟ್ ಕಡೆಯಿಂದ ಟಿಕ್ ಟಿಕ್ ಅನ್ನುತ್ತದೆ, ಹತ್ತು ನಿಮಿಷ ಓಡಿಸಿದರೆ ನಿಂತುಹೋಗುತ್ತದೆ. ಲೋಡ್ ಹಾಕಿದ ದಿನ ಮಾತ್ರ ಗುಂಡಿ ಇಳಿದಾಗ ಹಿಂದುಗಡೆ ಡಬ್ ಎಂದು ಬಡಿಯುತ್ತದೆ. ‘ಸೈಲೆನ್ಸರ್ ಪೂರ್ತಿ ಬದಲಿಸಿಬಿಡಿ’ ಅಂದಿದ್ದಾರೆ ಮೆಕ್ಯಾನಿಕ್. ಬದಲಿಸಬೇಕೆ?

ಈಗಲೇ ಬೇಡ. ಆ ಎರಡೂ ಸದ್ದು ಸೈಲೆನ್ಸರ್ ಡಬ್ಬಿಯದ್ದಲ್ಲ ಅಂತ ನನ್ನ ಅನುಮಾನ. ಎರಡಕ್ಕೂ ಒಂದೇ ಕಾರಣ ಇರಲಾರದು. ನಾನು ಮೆಕ್ಯಾನಿಕ್ ಅಲ್ಲ, ಸ್ವಂತ ಪಿಕಪ್ ಓಡಿಸುತ್ತಾ ಇದೇ ತಪ್ಪಿಗೆ ಒಮ್ಮೆ ದುಡ್ಡು ತೆತ್ತವನು. ಟಿಕ್ ಸದ್ದು ಶುರುವಾದಾಗ ಹೊಸ ಸೈಲೆನ್ಸರ್ ಹಾಕಿಸಿದೆ. ಮಾರನೆಯ ಬೆಳಿಗ್ಗೆ ಮತ್ತೆ ಅದೇ ಟಿಕ್ ಟಿಕ್, ಹಳೆಯ ಡಬ್ಬಿಯ ಗದ್ದಲ ಇಲ್ಲದ್ದರಿಂದ ಇನ್ನೂ ಚೆನ್ನಾಗಿ ಕೇಳಿಸಿತು! ಕೊನೆಗೆ ಸಿಕ್ಕಿದ್ದು ಎಕ್ಸಾಸ್ಟ್ ಮ್ಯಾನಿಫೋಲ್ಡ್‌ನ (ಎಂಜಿನ್ನಿನ ಹೊಗೆಯನ್ನು ಒಟ್ಟುಗೂಡಿಸಿ ಪೈಪಿಗೆ ಕಳಿಸುವ ಭಾಗ) ತುದಿಯಲ್ಲಿ ಮುರಿದಿದ್ದ ಒಂದು ಸ್ಟಡ್, ಅಂದರೆ ಅದನ್ನು ಎಂಜಿನ್ನಿಗೆ ಬಿಗಿದಿಡುವ ಬೋಲ್ಟಿನಂಥ ಕಡ್ಡಿ.

ಅಂದಿನಿಂದ ಸದ್ದು ಹೇಗಿದೆ ಅಂತ ತಲೆ ಕೆಡಿಸಿಕೊಳ್ಳುವ ಮೊದಲು, ಅದು ಯಾವಾಗ ಬರುತ್ತದೆ, ಯಾವಾಗ ನಿಲ್ಲುತ್ತದೆ ಅಂತ ನೋಡುತ್ತೇನೆ. ನಿಮ್ಮ ಪ್ರಶ್ನೆಯಲ್ಲಿ ಆ ಎರಡೂ ಇವೆ, ಅರ್ಧ ಕೆಲಸ ನೀವೇ ಮುಗಿಸಿದ್ದೀರಿ.

ಮೊದಲು ಟಿಕ್ ಟಿಕ್. ಮ್ಯಾನಿಫೋಲ್ಡ್ ಎರಕದ ಕಬ್ಬಿಣದ್ದು, ಅದು ಕೂರುವ ಎಂಜಿನ್ನಿನ ಹೆಡ್ (ಮೇಲ್ಭಾಗ) ಹೆಚ್ಚಾಗಿ ಅಲ್ಯೂಮಿನಿಯಂ. ಬಿಸಿಯಾದಾಗ ಎರಡೂ ಒಂದೇ ಪ್ರಮಾಣದಲ್ಲಿ ಹಿಗ್ಗುವುದಿಲ್ಲ. ದಿನಾ ಕಾದು ದಿನಾ ತಣಿಯುವ ಈ ಎಳೆದಾಟದ ಪೆಟ್ಟು ಹೆಚ್ಚಾಗಿ ತುದಿಯ ಸ್ಟಡ್‌ಗಳ ಮೇಲೆ ಬೀಳುತ್ತದೆ. ಒಂದು ಸ್ಟಡ್ ಮುರಿದರೆ ಅಲ್ಲಿ ಗ್ಯಾಸ್ಕೆಟ್ (ಸಂದಿ ಮುಚ್ಚುವ ತೆಳು ಪದರ) ಸಡಿಲವಾಗಿ, ಆ ಸಿಲಿಂಡರ್ ಫೈರ್ ಆದಾಗಲೆಲ್ಲ ಒಂದಿಷ್ಟು ಹೊಗೆ ಸಂದಿಯಿಂದ ಚಿಮ್ಮುತ್ತದೆ. ಟಿಕ್ ಅನ್ನುವುದು ಅದೇ. ಎಂಜಿನ್ ಕಾದಾಗ ಲೋಹ ಹಿಗ್ಗಿ ಸಂದಿ ಮುಚ್ಚಿಕೊಳ್ಳುತ್ತದೆ, ಸದ್ದು ಮಾಯ. ರಿಪೇರಿಗೆ ಹೋಗುವಷ್ಟರಲ್ಲಿ ಗಾಡಿ ಬಿಸಿಯಾಗಿರುವುದರಿಂದ ಯಾರಿಗೂ ಏನೂ ಕೇಳಿಸುವುದಿಲ್ಲ. ಹಾಗಾಗಿ ರಾತ್ರಿಯೇ ಗಾಡಿ ಅಲ್ಲಿ ಬಿಟ್ಟು, ಬೆಳಿಗ್ಗೆ ಅವರ ಎದುರಿಗೇ ಸ್ಟಾರ್ಟ್ ಮಾಡಿಸಿ.

ಇದನ್ನು ಟ್ಯಾಪೆಟ್ (ಎಂಜಿನ್ನಿನ ವಾಲ್ವ್ ತೆರೆಸುವ ಭಾಗ) ಸದ್ದು ಅಂದುಕೊಳ್ಳುವವರೇ ಹೆಚ್ಚು. ಲಯದಿಂದ ವ್ಯತ್ಯಾಸ ಗೊತ್ತಾಗುವುದಿಲ್ಲ. ಐಡಲ್‌ನಲ್ಲಿ ಎಂಜಿನ್ ನಿಮಿಷಕ್ಕೆ 800 ಸುತ್ತು ತಿರುಗುತ್ತಿದ್ದರೆ ಒಂದು ಸಿಲಿಂಡರ್ ಎರಡು ಸುತ್ತಿಗೊಮ್ಮೆ, ಅಂದರೆ 400 ಸಲ ಫೈರ್ ಆಗುತ್ತದೆ. ಅದರ ವಾಲ್ವ್ ತೆರೆಯುವುದೂ ಅಷ್ಟೇ ಸಲ. ಗೊತ್ತಾಗುವುದು ಬೇರೆ ಕಡೆ. ಹೈಡ್ರಾಲಿಕ್ ಟ್ಯಾಪೆಟ್ ಇರುವ ಎಂಜಿನ್‌ನಲ್ಲಿ ತಣ್ಣಗಿದ್ದಾಗ ಬರುವ ಟಕಟಕ ಸಾಮಾನ್ಯವಾಗಿ ಆಯಿಲ್ ಮೇಲೇರಿದ ಕೆಲವೇ ಸೆಕೆಂಡುಗಳಲ್ಲಿ ಅಡಗುತ್ತದೆ, ನಿಮ್ಮದು ಹತ್ತು ನಿಮಿಷ ತೆಗೆದುಕೊಳ್ಳುತ್ತದೆ. ಇನ್ನೊಂದು, ತಣ್ಣಗಿರುವಾಗಲೇ ಮೆಲ್ಲಗೆ ಏರು ಹತ್ತಿಸಿ ನೋಡಿ. ಎಂಜಿನ್ನಿಗೆ ಭಾರ ಬಿದ್ದಾಗ ಲೀಕ್ ಸದ್ದು ಗಟ್ಟಿಯಾಗುತ್ತದೆ, ಟ್ಯಾಪೆಟ್ಟಿಗೆ ಅದರಿಂದ ಅಷ್ಟೇನೂ ವ್ಯತ್ಯಾಸವಿಲ್ಲ.

ಜಾಗ ಹುಡುಕಲು ಒಂದು ಮೀಟರ್ ಉದ್ದದ ರಬ್ಬರ್ ಪೈಪ್ ಸಾಕು. ಒಂದು ತುದಿ ಕಿವಿಯ ಬಳಿ ಹಿಡಿದು, ಇನ್ನೊಂದನ್ನು ಮ್ಯಾನಿಫೋಲ್ಡ್ ಅಂಚಿನ ಉದ್ದಕ್ಕೂ ಸರಿಸುತ್ತಾ ಹೋಗಿ. ಲೀಕ್ ಇರುವ ಕಡೆ ಸದ್ದು ಕಿವಿಗೆ ಹೊಡೆದ ಹಾಗೆ ಕೇಳಿಸುತ್ತದೆ. ಫ್ಯಾನ್, ಬೆಲ್ಟ್ ಕಡೆ ಪೈಪ್ ಹೋಗದಂತೆ ಎಚ್ಚರ. ಎಂಜಿನ್ ಆಫ್ ಮಾಡಿ ಟಾರ್ಚ್ ಬಿಟ್ಟರೆ ಕಣ್ಣಿಗೂ ಸಾಕ್ಷಿ ಸಿಗುತ್ತದೆ: ಲೀಕ್ ಆಗುವ ಸಂದಿಯ ಸುತ್ತ ಕಪ್ಪು ಮಸಿಯ ಗೆರೆ. ಡೀಸೆಲ್‌ನಲ್ಲಿ ಇನ್ನೊಂದು ಜಾಗ ಮರೆಯಬೇಡಿ. ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ಬುಡದ ತಾಮ್ರದ ವಾಷರ್ ಸೋತರೂ ಹೀಗೇ ಚಫ್ ಚಫ್ ಅನ್ನುತ್ತದೆ, ಆದರೆ ಆಗ ಇಂಜೆಕ್ಟರ್ ಸುತ್ತ ಡಾಂಬರಿನಂಥ ಕರಿ ಗಟ್ಟಿಯಾಗಿ ಅಂಟಿರುತ್ತದೆ.

ಮ್ಯಾನಿಫೋಲ್ಡ್ ಎಂದು ಖಚಿತವಾದರೆ ಮುಂದೂಡಬೇಡಿ. ಹೊಗೆಯ ರಭಸದಿಂದ ತಿರುಗಿ ಎಂಜಿನ್ನಿಗೆ ಗಾಳಿ ತುಂಬುವ ಟರ್ಬೋಗೆ ಹೋಗಬೇಕಾದ ಹೊಗೆ ನಡುವೆಯೇ ಸೋರಿದರೆ ಪಿಕಪ್ ಗಾಡಿಗೆ ಪಿಕಪ್ಪೇ ಇರುವುದಿಲ್ಲ. ಪಕ್ಕದ ವೈರು, ಹೋಸುಗಳೂ ಬಿಸಿಗೆ ಹಾಳಾಗುತ್ತವೆ. ಗ್ಯಾಸ್ಕೆಟ್ ಬದಲಿಸುವಾಗ ಮ್ಯಾನಿಫೋಲ್ಡ್ ಮುಖ ಸೊಟ್ಟಗಾಗಿದೆಯೇ ಎಂದು ಉಕ್ಕಿನ ಪಟ್ಟಿ ಇಟ್ಟು ನೋಡಲು ಹೇಳಿ. ಸೊಟ್ಟಗಿದ್ದರೆ ಮಟ್ಟ ಮಾಡಿಸಲೇಬೇಕು, ಇಲ್ಲವಾದರೆ ಹೊಸ ಗ್ಯಾಸ್ಕೆಟ್ಟೂ ಹೆಚ್ಚು ದಿನ ಬಾಳುವುದಿಲ್ಲ. ಮುರಿದ ಸ್ಟಡ್‌ನ ತುಂಡಿಗೆ ನಟ್ ವೆಲ್ಡ್ ಮಾಡಿ ತಿರುಗಿಸಿ ತೆಗೆಯುತ್ತಾರೆ. ಬಲ ಹಾಕುವ ಆತುರದವರ ಕೈಗೆ ಇದನ್ನು ಕೊಡಬೇಡಿ.

ಇನ್ನು ಹಿಂದಿನ ಡಬ್ ಡಬ್. ಲೋಡ್ ಬಿದ್ದಾಗ ಲೀಫ್ ಸ್ಪ್ರಿಂಗ್ ಚಪ್ಪಟೆಯಾಗಿ ಹಿಂದಿನ ಆಕ್ಸಲ್‌ಗೂ ಚಾಸಿಗೂ ನಡುವಿನ ಅಂತರ ಕಡಿಮೆಯಾಗುತ್ತದೆ. ಹೊಗೆ ಪೈಪು ಹಾದುಹೋಗುವುದು ಹೆಚ್ಚಾಗಿ ಆ ಸಂದಿಯಲ್ಲೇ. ಪೈಪನ್ನು ತೂಗಿ ಹಿಡಿದಿರುವ ರಬ್ಬರ್ ಹ್ಯಾಂಗರ್ ಹಿಗ್ಗಿದ್ದರೆ ಖಾಲಿ ಗಾಡಿಯಲ್ಲಿ ಏನೂ ಆಗುವುದಿಲ್ಲ, ಲೋಡ್ ಇದ್ದು ಗುಂಡಿಗೆ ಇಳಿದರೆ ಆಕ್ಸಲ್ ಬಂದು ಪೈಪಿಗೆ ಗುದ್ದುತ್ತದೆ. ಪೈಪ್ ಪೂರ್ತಿ ತಣ್ಣಗಾದ ಮೇಲೆ ಕೈಯಲ್ಲಿ ಅಲ್ಲಾಡಿಸಿ, ತಾಗಿದ ಕಡೆ ತುಕ್ಕು ಹೋಗಿ ಬೆಳ್ಳಗೆ ಹೊಳೆಯುವ ಗುರುತು ಇರುತ್ತದೆ. ಕಾಣದಿದ್ದರೆ ಆಕ್ಸಲ್ ಮೇಲ್ಭಾಗಕ್ಕೆ ಸೀಮೆಸುಣ್ಣ ದಪ್ಪಗೆ ಬಳಿದು, ಲೋಡ್ ಸಮೇತ ಒಂದು ಸುತ್ತು ಹೋಗಿಬನ್ನಿ. ಪೈಪಿಗೆ ಬಿಳಿ ಹತ್ತಿದ್ದರೆ ಹ್ಯಾಂಗರ್ ಬದಲಿಸಿ, ಅಷ್ಟೇ. ಹತ್ತದಿದ್ದರೆ ಅದು ಹೊಗೆ ಪೈಪಿನ ಸದ್ದೇ ಅಲ್ಲ, ಸ್ಪ್ರಿಂಗಿನ ಬುಷ್, ಶಾಕ್ ಅಬ್ಸಾರ್ಬರ್, ಸ್ಟೆಪ್ನಿ ಕಡೆ ನೋಡಿ. ಲೋಡ್ ಇರುವ ಗಾಡಿಗೆ ಜಾಕ್ ಕೊಟ್ಟು ಅಡಿಗೆ ಮಾತ್ರ ಹೋಗಬೇಡಿ.

ಬೇರೆಯವರೂ ಇದನ್ನು ಓದಬಹುದು ಅಂತ ಉಳಿದ ಸದ್ದುಗಳನ್ನೂ ಹೇಳಿಬಿಡುತ್ತೇನೆ. ಒಂದು ನಿರ್ದಿಷ್ಟ ರೇಸ್‌ನಲ್ಲಿ ಮಾತ್ರ ತಗಡು ಝರ್ ಎಂದು ಅದುರಿದರೆ ಹೀಟ್ ಶೀಲ್ಡ್ ಸಡಿಲವಾಗಿದೆ. ನೋಡಿದರೆ ನಗು ಬರುವಷ್ಟು ಸಣ್ಣ ವಿಷಯ, ಒಂದು ಉದ್ದನೆಯ ಹೋಸ್ ಕ್ಲಾಂಪ್ ಸುತ್ತಿ ಬಿಗಿದರೆ ಮುಗಿಯಿತು. ತಣ್ಣಗಿರುವಾಗ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನು ಮುಷ್ಟಿಯಿಂದ ತಟ್ಟಿದರೆ ಡಬ್ಬಿಯಲ್ಲಿ ಕಲ್ಲು ಹಾಕಿದ ಹಾಗೆ ಗಲಗಲ ಅಂದರೆ ಒಳಗಿನ ಸೆರಾಮಿಕ್ ಜೇನುಗೂಡು ಒಡೆದಿದೆ, ಅದು ದೊಡ್ಡ ಖರ್ಚು. ಆಕ್ಸಿಲರೇಟರ್ ಒತ್ತಿದಾಗ ಮಾತ್ರ ಉಸ್ಸೆಂದು, ಜೊತೆಗೆ ಕರಿ ಹೊಗೆ ಬಂದರೆ ಮೊದಲು ಇಂಟರ್‌ಕೂಲರ್ ಹೋಸ್ ನೋಡಿ. ಅದು ಗಾಳಿ ಒಳಹೋಗುವ ದಾರಿ, ಸೈಲೆನ್ಸರಿಗೂ ಅದಕ್ಕೂ ಸಂಬಂಧವಿಲ್ಲ. ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಇರುವ ಗಾಡಿ ಆಗಾಗ ಐಡಲ್ ಏರಿಸಿಕೊಂಡು, ದನಿ ಬದಲಿಸಿ, ಬಿಸಿ ವಾಸನೆ ಬೀರಿದರೆ ಹೆದರಬೇಡಿ. ಸುಮಾರು 600 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದು ತನ್ನ ಮಸಿಯನ್ನು ತಾನೇ ಸುಟ್ಟುಕೊಳ್ಳುತ್ತಿರುತ್ತದೆ.

ಒಂದು ವಿಷಯದಲ್ಲಿ ಮಾತ್ರ ತಮಾಷೆ ಬೇಡ. ಸೋರುವ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ, ಅದಕ್ಕೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಈ ಯಾವ ಪರೀಕ್ಷೆಯನ್ನೂ ಮಾಡಬೇಡಿ. ಹಿಂದೆ ಟಾರ್ಪಾಲ್ ಅಥವಾ ಮುಚ್ಚಿಗೆ ಕಟ್ಟಿದ ಪಿಕಪ್ ಓಡುವಾಗ ಹಿಂಬದಿಯ ಗಾಳಿ ಸುತ್ತಿಕೊಂಡು ಹೊಗೆಯನ್ನು ಒಳಗೇ ಎಳೆಯುತ್ತದೆ. ಲೀಕ್ ಸರಿಯಾಗುವ ತನಕ ಅಲ್ಲಿ ಯಾರನ್ನೂ ಕೂರಿಸಬೇಡಿ. ಕ್ಯಾಬಿನ್ ಒಳಗೆ ಹೊಗೆ ವಾಸನೆ ಬಂದರೆ, ತಲೆ ಭಾರವಾದರೆ ಗಾಡಿ ನಿಲ್ಲಿಸಿ ಇಳಿದುಬಿಡಿ.

ಸೈಲೆನ್ಸರೇ ಹೋಗಿದ್ದರೆ ಸದ್ದು ಬಿಸಿಗೂ ತಣ್ಣಗೂ ಒಂದೇ ರೀತಿ, ಭರ್ ಎಂದು ಒಡೆದ ದನಿಯಲ್ಲಿ ಬರುತ್ತದೆ. ಡಬ್ಬಿಯ ಹೊಲಿಗೆಯನ್ನು ಸ್ಕ್ರೂಡ್ರೈವರ್‌ನಿಂದ ಒತ್ತಿ ನೋಡಿ. ಹತ್ತಿರದ ಓಡಾಟವೇ ಹೆಚ್ಚಿದ್ದರೆ ಹೊಗೆಯಲ್ಲಿನ ನೀರಾವಿ ಒಣಗದೆ ಒಳಗೇ ನಿಂತು, ತುಕ್ಕು ಒಳಗಿನಿಂದ ತಿನ್ನುತ್ತಾ ಬರುತ್ತದೆ. ಸ್ಕ್ರೂಡ್ರೈವರ್ ಒಳಗೆ ಇಳಿದರೆ ಬದಲಿಸಿ. ಇಳಿಯದಿದ್ದರೆ ನಾಳೆ ಬೆಳಿಗ್ಗೆ ಬಾನೆಟ್ ಎತ್ತಿ, ರಬ್ಬರ್ ಪೈಪ್ ಹಿಡಿದು ನೋಡಿ. ಮಸಿ ಎಲ್ಲಿ ಕಂಡಿತು ಅಂತ ಇಲ್ಲೇ ಬರೆಯಿರಿ.